ಹೊಲಿಗೆ ಬಿಚ್ಚುವ ತನಕ

ಸಾಕುನಾಯಿ, ಬೆಕ್ಕುಗಳಿಗೆ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ತೀರಾ ಸಾಮಾನ್ಯವಾದದ್ದು ಸಂತಾನಹರಣ. ಗಂಡಿನ ವೃಷಣಗಳನ್ನು ತೆಗೆಯುತ್ತಾರೆ; ಹೆಣ್ಣಿನ ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ. ಹೆಣ್ಣಿಗೆ ಹೊಟ್ಟೆ ತೆರೆಯಲೇಬೇಕಾದ್ದರಿಂದ ಚೇತರಿಕೆ ನಿಧಾನ. ತೂಕ, ಎದೆಬಡಿತ, ರಕ್ತಪರೀಕ್ಷೆ, ಒಪ್ಪಿಗೆ ಪತ್ರಕ್ಕೆ ಸಹಿ, ಉಪವಾಸ: ಪೂರ್ವಸಿದ್ಧತೆ ಇಷ್ಟೇ.

ಎಲ್ಲರೂ ಎಡವುವುದು ಉಪವಾಸದಲ್ಲಿ. ರಾತ್ರಿಯ ಊಟದ ಮೇಲೆ ಏನೂ ಹಾಕಬಾರದೆಂದು ವೈದ್ಯರು ಹೇಳಿರುತ್ತಾರೆ. ಬೆಳಿಗ್ಗೆ ನಾಯಿ ಬಟ್ಟಲ ಮುಂದೆ ಕೂತು ಬಾಲ ಆಡಿಸಿದರೆ ಮನೆಯವರ ಕರುಳು ಚುರುಕ್ಕೆನ್ನುತ್ತದೆ. ಹಾಲಲ್ಲಿ ಅದ್ದಿದ ಒಂದು ತುಂಡು ಬ್ರೆಡ್ಡು ಒಳಗೆ ಹೋಗುತ್ತದೆ. ಎಚ್ಚರವಿರುವ ಪ್ರಾಣಿ ನುಂಗುವಾಗ ಶ್ವಾಸನಾಳದ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅರಿವಳಿಕೆಯಲ್ಲಿ ಈ ಕಾವಲುಗಾರನೂ ಮಲಗಿಬಿಡುತ್ತಾನೆ. ಆಗ ಹೊಟ್ಟೆಯಿಂದ ಮೇಲೆ ಬಂದ ಆಹಾರ, ಜೊತೆಗೆ ಜಠರದ ಆಮ್ಲ, ಶ್ವಾಸಕೋಶಕ್ಕೆ ಇಳಿಯಬಹುದು. ಗಂಟಲಿಗೆ ಕೊಳವೆ ಇಳಿಸಿ, ಅದರ ಸುತ್ತಲಿನ ಪುಟ್ಟ ಬಲೂನು ಉಬ್ಬಿಸಿ ದಾರಿ ಮುಚ್ಚುತ್ತಾರೆ, ನಿಜ. ಆದರೆ ಕೊಳವೆ ಇಳಿಸುವ ಮುನ್ನ ಮತ್ತು ತೆಗೆದ ಮೇಲೆ ಆ ಕಾಪು ಇರುವುದಿಲ್ಲ. ತಿನ್ನಿಸಿದ್ದರೆ ಮುಚ್ಚಿಡದೆ ಹೇಳಿಬಿಡುವುದು ಮೇಲು. ಹೆಚ್ಚೆಂದರೆ ದಿನ ಮುಂದೆ ಹೋಗುತ್ತದೆ. ಎಳೆಯ ಮರಿಗಳ ರಕ್ತದ ಸಕ್ಕರೆ ಬೇಗ ಇಳಿಯುವುದರಿಂದ ಅವಕ್ಕೆ ದೀರ್ಘ ಉಪವಾಸ ಕೂಡದು. ಮೊಲದ ಲೆಕ್ಕವಂತೂ ಪೂರಾ ತಲೆಕೆಳಗು: ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹಸಿದಿದ್ದರೆ ಕರುಳೇ ನಿಂತುಹೋಗಬಹುದು!

ಸಂಜೆ ಮನೆಗೆ ಬಂದ ನಾಯಿ ತೂರಾಡುತ್ತದೆ, ಕುಂಯ್‌ಗುಟ್ಟುತ್ತದೆ, ನಡುಗುತ್ತದೆ. ಮುಂಗಾಲಲ್ಲಿ ಸೂಜಿ ಚುಚ್ಚಲು ಬೋಳಿಸಿದ ಜಾಗ ಕಾಣುತ್ತದೆ. ಕೊಳವೆ ಉಜ್ಜಿದ್ದಕ್ಕೆ ಒಂದೆರಡು ದಿನ ಸಣ್ಣ ಕೆಮ್ಮೂ ಇದ್ದೀತು. ಇವಕ್ಕೆ ಗಾಬರಿ ಬೇಡ. ಮಂಚದ ಮೇಲಲ್ಲ, ನೆಲದಲ್ಲೇ ಬೆಚ್ಚಗೆ ಮಲಗಿಸಿದರಾಯಿತು. ವಸಡು ಬಿಳಿಚಿದರೆ, ಗಾಯದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಆ ರಾತ್ರಿಯೇ ವೈದ್ಯರಿಗೆ ಫೋನು ಮಾಡಬೇಕು.

ನಿಜವಾದ ಫಜೀತಿ ಶುರುವಾಗುವುದು ಮೂರನೇ ದಿನ, ನಾಯಿ ಗೆಲುವಾದಾಗ. ನೋವು ತಗ್ಗಿರುತ್ತದೆ, ಗಾಯ ಕೂಡಿರುವುದಿಲ್ಲ. ಮೊದಲ ಕೆಲವು ದಿನ ಅಂಗಾಂಶಕ್ಕೆ ಸ್ವಂತ ಬಲ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಯ ಭಾರವನ್ನೆಲ್ಲ ಹಿಡಿದಿರುವುದು ದಾರ. ಸೋಫಾದಿಂದ ಒಂದು ಜಿಗಿತ, ಒಳಹೊಲಿಗೆ ಕಿತ್ತುಕೊಳ್ಳಲು ಸಾಕು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಸ್ನಾನವಿಲ್ಲ, ಓಟವಿಲ್ಲ, ಹಗ್ಗ ಹಿಡಿದು ನಿಧಾನ ನಡಿಗೆಯಷ್ಟೇ.

ನೆಕ್ಕಿದರೆ ಗಾಯ ಬೇಗ ಮಾಯುತ್ತದೆಂಬ ನಂಬಿಕೆ ಹಳೆಯದು. ಬೆಕ್ಕಿನ ನಾಲಗೆಯನ್ನು ಕೈಗೆ ತಾಗಿಸಿಕೊಂಡವರಿಗೆ ಅದು ಉಪ್ಪುಕಾಗದವೆಂದು ಗೊತ್ತು. ನೆಕ್ಕದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಆಲಿಕೆಯನ್ನು ಪಾಪವೆಂದು ಬಿಚ್ಚಿದ ಒಂದೇ ರಾತ್ರಿಯಲ್ಲಿ ಎಷ್ಟೋ ಗಾಯಗಳು ಬಾಯಿಬಿಟ್ಟಿವೆ.

ನೋವಿನ ಮಾತ್ರೆ ವೈದ್ಯರು ಬರೆದದ್ದೇ ಆಗಬೇಕು. ಮನುಷ್ಯರ ಐಬುಪ್ರೊಫೆನ್ ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ಮಾತ್ರೆ ಅದರ ಜೀವ ತೆಗೆಯಬಲ್ಲದು.