ಹಿತ್ತಲ ಬಾಳೆಯ ಎಲೆ ಹಳದಿಯಾದರೆ



ಹೊಲದ ಪೈರಿಗೆ ಏನಾದರೂ ಆಯಿತೆಂದರೆ ಯಜಮಾನರು ಕೂಡಲೇ ನಾಲ್ಕು ಕಡೆ ಓಡಾಡಿ ವಿಚಾರಿಸುತ್ತಾರೆ. ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ಬೆಳೆಯುವ ಬಾಳೆಯ ಗುಂಪನ್ನು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರೇ. ಊಟಕ್ಕೆ ಎಲೆ, ಪಲ್ಯಕ್ಕೆ ಹೂವು ಮತ್ತು ದಿಂಡು, ಹಬ್ಬದ ಬಾಗಿಲಿಗೆ ಕಂದು, ಮಕ್ಕಳ ಕೈಗೆ ಹಣ್ಣು, ಎಲ್ಲಾ ಅಲ್ಲಿಂದಲೇ ಬರಬೇಕು. ಅಂಥ ಗಿಡದ ಎಲೆ ಒಂದು ದಿನ ಹಳದಿಯಾಗತೊಡಗುತ್ತದೆ. "ಗಿಡ ಚೆನ್ನಾಗೇ ಇತ್ತು, ಈಗ ಎಲೆ ಹಳದಿ ತಿರುಗ್ತಾ ಇದೆ, ಏನು ಹಾಕೋದು?" ಎಂದು ಕೇಳುತ್ತಾರೆ. ಒಬ್ಬರು ಯೂರಿಯಾ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಬೂದಿ ಸುರೀರಿ ಅನ್ನುತ್ತಾರೆ, ಮತ್ತೊಬ್ಬರು ಇನ್ನೆರಡು ಕೊಡ ನೀರು ಬಿಡಿ ಅನ್ನುತ್ತಾರೆ. ಮೂರನ್ನೂ ಮಾಡಿದ ಮೇಲೆ ಗಿಡ ಇನ್ನಷ್ಟು ಸೊರಗುವುದೂ ಉಂಟು.

ಏನು ಹಾಕಬೇಕೆಂದು ಕೇಳುವ ಮೊದಲು ಒಂದು ಕೆಲಸ ಮಾಡಿ. ಗಿಡದ ಮುಂದೆ ನಿಂತು, ಹಳದಿಯಾಗಿರುವುದು ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆಯೋ, ಮೇಲೆ ಸುಳಿಯಿಂದ ಬಿಚ್ಚಿದ ಹೊಸ ಎಲೆಯೋ, ಇಲ್ಲಾ ಎಲ್ಲವೂ ಒಟ್ಟಿಗೆಯೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೆಳಗಿನ ಒಂದೆರಡು ಎಲೆ ಹಣ್ಣಾಗಿ ಒಣಗಿದರೆ ಚಿಂತೆ ಬೇಡ. ಬಾಳೆ ತನ್ನ ಆಯುಷ್ಯದಲ್ಲಿ ಮೂವತ್ತು ನಲವತ್ತು ಎಲೆ ಬಿಡುತ್ತದೆ. ಬೆಚ್ಚನೆಯ ಕಾಲದಲ್ಲಿ ವಾರಕ್ಕೋ ಹತ್ತು ದಿನಕ್ಕೋ ಒಂದು ಸುಳಿ ಬಿಚ್ಚುತ್ತದೆ. ಅಷ್ಟನ್ನೂ ಅದು ಹೊತ್ತುಕೊಂಡಿರಲಾರದು, ಹಳೆಯದು ಬೀಳಲೇಬೇಕು. ಹೂವು ಹೊರಬಿದ್ದ ಮೇಲೆ ಹೊಸ ಎಲೆ ಬರುವುದೇ ಇಲ್ಲ. ಇರುವ ಎಲೆಗಳೇ ಗೊನೆಯನ್ನು ಬಲಿಸಬೇಕು. ಆದ್ದರಿಂದ ಗೊನೆ ಹಾಕಿದ ಗಿಡದ ಹಸಿರು ಎಲೆಯನ್ನು ಊಟಕ್ಕೆಂದು ಕೊಯ್ಯಬೇಡಿ. ಎಲೆಗೆ ಬೇರೆ ಗಿಡ ಇಟ್ಟುಕೊಳ್ಳಿ. ಡಿಸೆಂಬರ್ ಜನವರಿ ಚಳಿಯಲ್ಲಿ ಗಿಡ ಮಂಕಾಗಿ ಸ್ವಲ್ಪ ಹಳದಿ ತೋರುವುದೂ ಸಹಜ. ಬಿಸಿಲು ಏರಿದಂತೆ ತಾನೇ ಚೇತರಿಸಿಕೊಳ್ಳುತ್ತದೆ.

ಇನ್ನು ನೀರಿನ ವಿಷಯ. ಬಾಳೆಗೆ ನೀರು ಬೇಕು, ನಿಂತ ನೀರು ಬೇಡ. ಬಚ್ಚಲ ಬಾಯಿಗೇ ನೆಟ್ಟ ಗಿಡದ ಬುಡದಲ್ಲಿ ಹಗಲೂ ರಾತ್ರಿ ಕೆಸರು. ಬೇರಿಗೂ ಗಾಳಿ ಬೇಕಲ್ಲವೆ? ಕೆಸರಲ್ಲಿ ಗಾಳಿಯಾಡದೆ ಬೇರು ಕಪ್ಪಾಗಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರಿನ ಮಧ್ಯೆ ನಿಂತೂ ಬಾಯಾರಿ, ಎಲೆ ಹಳದಿ ಮಾಡಿಕೊಳ್ಳುತ್ತದೆ. ಅದನ್ನು ಕಂಡು ನಾವು ಇನ್ನೊಂದು ಕೊಡ ನೀರು ಸುರಿಯುತ್ತೇವೆ! ಬುಡದಿಂದ ಒಂದು ಗೇಣು ಆಚೆ ಮಣ್ಣು ಕೆದಕಿ ನಾಲ್ಕು ಬೇರು ಎತ್ತಿ ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಪ್ಪಾಗಿ, ಚಿವುಟಿದರೆ ಸಿಪ್ಪೆ ಜಾರಿಬಂದರೆ ನೀರು ಹೆಚ್ಚಾಗಿದೆ ಎಂದೇ ತಿಳಿಯಬಹುದು. ಕಾಲುವೆ ತೆಗೆದು ನೀರನ್ನು ಮುಂದಕ್ಕೆ ಬಿಡಿ. ಬುಡಕ್ಕೆ ಮಣ್ಣು ಏರಿಸಿ. ನೀರು ಇವತ್ತು ಒಂದು ಗುಂಪಿಗೆ ಹೋದರೆ ನಾಳೆ ಇನ್ನೊಂದಕ್ಕೆ ಹೋಗುವಂತೆ ಎರಡು ಬಾಯಿ ಮಾಡಿದರೆ ಇನ್ನೂ ಒಳ್ಳೆಯದು.

ಬಚ್ಚಲ ನೀರಿನದು ಇನ್ನೊಂದು ತೊಡಕಿದೆ. ಸೀಗೆಪುಡಿ, ಕಡಲೆಹಿಟ್ಟಿನ ಕಾಲದ ನೀರಲ್ಲ ಈಗಿನದು. ಬಟ್ಟೆ ಒಗೆಯುವ ಸೋಪು, ಸೋಡಾ ಬೆರೆತ ನೀರು ವರ್ಷಗಟ್ಟಲೆ ಒಂದೇ ಕಡೆ ಇಂಗಿದರೆ ಮಣ್ಣು ಚೌಳು ತಿರುಗುತ್ತದೆ. ಅಂಥ ಮಣ್ಣಿನಲ್ಲೂ ಸುಣ್ಣಕಲ್ಲಿನ ಮಣ್ಣಿನಲ್ಲೂ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಹಳೆಯ ಎಲೆ ಹಸಿರಾಗಿಯೇ ಇದ್ದು, ಹೊಸ ಎಲೆ ಹಳದಿಯಾಗಿ, ಕೆಲವು ಸಲ ಬಿಳಿಚಿಕೊಂಡು ಬಿಚ್ಚುತ್ತದೆ. ಇದಕ್ಕೆ ಅನ್ನಭೇದಿ ಬೇಕು. ಒಂದು ಲೀಟರು ನೀರಿಗೆ 5 ಗ್ರಾಂ ಕರಗಿಸಿ, ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ. ಒಗೆಯುವ ನೀರನ್ನು ಬೇರೆ ದಾರಿಗೆ ತಿರುಗಿಸಿ. ಈ ಗಿಡಕ್ಕೆ ಬೂದಿ ಹಾಕಬಾರದು, ಬೂದಿಯೂ ಕ್ಷಾರವೇ.

ಹಳದಿ ಕೆಳಗಿನಿಂದ ಶುರುವಾಗಿ ಇಡೀ ಗಿಡವೇ ತಿಳಿ ಹಸಿರಾಗಿ, ಎಲೆ ಚಿಕ್ಕದಾಗಿ, ಸುಳಿ ಬಿಚ್ಚುವುದು ನಿಧಾನವಾಗಿ, ಎಲೆಯ ದಂಟಿಗೆ ನಸುಗೆಂಪು ಬಂದಿದ್ದರೆ ಅದು ಹಸಿವು. ಸಾರಜನಕ ಸಾಲದು. ಒಂದೇ ಗುಂಪಿನಲ್ಲಿ ಎಂಟು ಹತ್ತು ಕಂದು ಬಿಟ್ಟುಕೊಂಡ ಮನೆಗಳಲ್ಲಿ ಇದನ್ನೇ ಹೆಚ್ಚಾಗಿ ಕಾಣುತ್ತೇವೆ. ಒಂದು ತಟ್ಟೆ ಅನ್ನಕ್ಕೆ ಹತ್ತು ಮಂದಿ ಕೂತಂತೆ! ತಾಯಿ ಗಿಡ, ಅದರ ಹಿಂದೆ ಒಂದು ಕಂದು, ಹೆಚ್ಚೆಂದರೆ ಇನ್ನೊಂದು ಮರಿ, ಇಷ್ಟೇ ಇರಲಿ. ಮಿಕ್ಕದ್ದನ್ನು ಕತ್ತರಿಸಿ. ಬುಟ್ಟಿ ತುಂಬ ಕೊಟ್ಟಿಗೆ ಗೊಬ್ಬರ ಕೊಡಿ. ಯೂರಿಯಾ ಕೊಡುವುದಾದರೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ, ಬುಡದಿಂದ ಒಂದೂವರೆ ಅಡಿ ದೂರ ಸುತ್ತಲೂ ಉದುರಿಸಿ, ಮಣ್ಣು ಮುಚ್ಚಿ, ನೀರು ಕೊಡಿ. ಬುಡಕ್ಕೇ ಸುರಿದರೆ ಬೇರು ಸುಡುತ್ತದೆ.

ಹಳೆಯ ಎಲೆಯ ತುದಿ ಮತ್ತು ಅಂಚು ಕಿತ್ತಳೆ ಹಳದಿಯಾಗಿ, ಬೇಗನೆ ಒಣಗಿ, ಎಲೆ ಒಳಕ್ಕೆ ಬಾಗಿ ನಡುವೆ ಮುರಿದುಕೊಂಡರೆ ಪೊಟ್ಯಾಷ್ ಕಡಿಮೆಯೆಂದು ಅರ್ಥ. ಬಾಳೆಯಷ್ಟು ಪೊಟ್ಯಾಷ್ ಬೇಡುವ ಗಿಡ ಅಪರೂಪ. ಸೌದೆ ಒಲೆಯ ಬೂದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಎರಡು ಬೊಗಸೆ ಸಾಕು. ಒಂದು ಮಾತು: ಬೂದಿಯನ್ನು ಯೂರಿಯಾದ ಜೊತೆಗಾಗಲಿ, ಹಸಿ ಸಗಣಿಯ ಜೊತೆಗಾಗಲಿ ಬೆರೆಸಬೇಡಿ. ಬೆರೆಸಿದರೆ ಸಾರಜನಕವೆಲ್ಲ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಬಡಿಯುತ್ತದಲ್ಲ, ಅದೇ ನೀವು ಕಾಸು ಕೊಟ್ಟು ತಂದ ಗೊಬ್ಬರ! ಎರಡಕ್ಕೂ ನಡುವೆ ಎರಡು ವಾರ ಬಿಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿಪಡಿಸಬಹುದಾದದ್ದು. ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಪನಾಮಾ ಸೊರಗು ರೋಗವೆಂದು ಒಂದಿದೆ. ಅದೂ ಕೆಳಗಿನ ಎಲೆಯ ಅಂಚಿನಿಂದಲೇ ಹಳದಿ ಹಿಡಿಸುತ್ತದೆ. ಮೊದಲ ನೋಟಕ್ಕೆ ಪೊಟ್ಯಾಷ್ ಕೊರತೆಯ ಹಾಗೇ ಕಾಣುತ್ತದೆ. ಆದರೆ ಇಲ್ಲಿ ಎಲೆ ನಡುವೆ ಮುರಿಯುವುದಿಲ್ಲ, ಕಾಂಡಕ್ಕೆ ಸೇರುವ ದಂಟಿನ ಬಳಿ ಕುಸಿಯುತ್ತದೆ. ಒಂದೊಂದಾಗಿ ಎಲೆಗಳು ಜೋತುಬಿದ್ದು ಗಿಡದ ಸುತ್ತ ಲಂಗದ ಹಾಗೆ ನೇತಾಡುತ್ತವೆ. ಸುಳಿ ಮಾತ್ರ ಸ್ವಲ್ಪ ದಿನ ನೆಟ್ಟಗೆ ನಿಂತಿರುತ್ತದೆ. ಬುಡದ ಹತ್ತಿರ ಕಾಂಡ ಉದ್ದಕ್ಕೆ ಸೀಳುವುದೂ ಉಂಟು. ಸಂಶಯ ಬಂದರೆ ಬುಡದಲ್ಲಿ ಹೊರಗಿನ ಒಂದು ಪಟ್ಟೆಯನ್ನು ಮಚ್ಚಿನಿಂದ ಸೀಳಿ ನೋಡಿ. ಒಳಗೆ ಕೆಂಗಂದು ಬಣ್ಣದ ದಾರ ಎಳೆದಂತೆ ಗೆರೆಗಳು ಕಂಡರೆ ಅದೇ ರೋಗ. ಪೊಟ್ಯಾಷ್ ಕೊರತೆಯ ಗಿಡದಲ್ಲಿ ಈ ಗೆರೆ ಇರುವುದಿಲ್ಲ.

ಇದು ಮಣ್ಣಿನಲ್ಲಿರುವ ಶಿಲೀಂಧ್ರ. ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಮುಚ್ಚುತ್ತದೆ. ಬಾಳೆ ಇಲ್ಲದಿದ್ದರೂ ಹತ್ತಾರು ವರ್ಷ ಮಣ್ಣಲ್ಲಿ ಜೀವ ಹಿಡಿದಿರುತ್ತದೆ. ಹಿಡಿದ ಗಿಡವನ್ನು ಔಷಧ ಹೊಡೆದು ಉಳಿಸುವ ಬಗೆ ಇಲ್ಲ. ನಮ್ಮ ನಂಜನಗೂಡಿನ ರಸಬಾಳೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆಯಿತು. ಅಷ್ಟು ಹೆಸರಾದ ಹಣ್ಣು ತನ್ನ ಊರಿನಲ್ಲೇ ಅಪರೂಪವಾಗಲು ಈ ರೋಗ ದೊಡ್ಡ ಕಾರಣ. ಏಲಕ್ಕಿ ಬಾಳೆಗೂ ಇದು ಬರುತ್ತದೆ. ಪಚ್ಚಬಾಳೆ ನಮ್ಮಲ್ಲಿನ ಹಳೆಯ ಬಗೆಯ ರೋಗಕ್ಕೆ ಜಗ್ಗುವುದಿಲ್ಲ. ಆದರೆ ಪಚ್ಚಬಾಳೆಯನ್ನೂ ಕೊಲ್ಲುವ ಇನ್ನೊಂದು ಬಗೆ 2010ರ ದಶಕದಲ್ಲಿ ಬಿಹಾರದಲ್ಲಿ ಕಾಣಿಸಿಕೊಂಡಿದೆ. ಆದ್ದರಿಂದ ದೂರದೂರಿಂದ ಯಾರಾದರೂ "ಒಳ್ಳೆ ಜಾತಿ ಕಣ್ರೀ" ಎಂದು ಮಣ್ಣು ಮೆತ್ತಿದ ಗೆಡ್ಡೆ ತಂದುಕೊಟ್ಟರೆ ಬೇಡವೆನ್ನಲು ಸಂಕೋಚಪಡಬೇಡಿ.

ಇಲ್ಲಿ ಕಷ್ಟವಾಗುವುದು ಸಂಬಂಧಗಳ ವಿಷಯ. ತವರಿನಿಂದ ಕಂದು ತರುವುದು, ಬೀಗರ ಮನೆಗೆ ಕಂದು ಕೊಡುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ. ರೋಗದ ಗಿಡದ ಕಂದು ಹೊರಗೆ ಹಸಿರಾಗಿ ಲಕ್ಷಣವಾಗಿಯೇ ಇರುತ್ತದೆ. ನೆಟ್ಟು ಐದಾರು ತಿಂಗಳಾದ ಮೇಲೆ ಹಳದಿ ತೋರಿಸುತ್ತದೆ. "ಅತ್ತಿಗೆ ಕೇಳಿದಾರೆ, ಇಲ್ಲ ಅನ್ನೋದು ಹೇಗೆ?" ಎನ್ನಬೇಡಿ. ಕೊಟ್ಟರೆ ಕಂದಿನ ಜೊತೆ ಅವರ ಹಿತ್ತಲಿಗೂ ರೋಗ ಹೋಗುತ್ತದೆ.

ರೋಗ ಖಚಿತವಾದರೆ ಗಿಡವನ್ನು ಗೆಡ್ಡೆ, ಕಂದು ಸಮೇತ ಅಗೆದು, ಅಲ್ಲೇ ಒಣಗಿಸಿ ಸುಟ್ಟುಬಿಡಿ. ತಿಪ್ಪೆಗೆ ಎಸೆಯಬೇಡಿ, ಗೊಬ್ಬರದ ಜೊತೆ ಹೊಲಕ್ಕೆಲ್ಲ ಹರಡುತ್ತದೆ. ಗುಂಡಿಗೆ ಒಂದೆರಡು ಕಿಲೋ ಸುಣ್ಣ ಹಾಕಿ. ಅಗೆದ ಹಾರೆ, ಗುದ್ದಲಿ, ಮಚ್ಚುಗಳ ಮಣ್ಣು ಅಲ್ಲೇ ತೊಳೆದು, ಬಿಸಿಲಿಗೆ ಒಣಗಿಸಿ. ಬಚ್ಚಲ ನೀರು ಆ ಗುಂಡಿಯನ್ನು ಹಾದು ಮುಂದಿನ ಗಿಡಕ್ಕೆ ಹೋಗದ ಹಾಗೆ ಕಾಲುವೆ ತಿರುಗಿಸಿ. ಎಷ್ಟೋ ಕಡೆ ರೋಗ ನಡೆಯುವುದು ಈ ನೀರಿನ ದಾರಿಯಲ್ಲೇ.

ಮಿಕ್ಕ ಕಾಯಿಲೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಎಲೆಯ ಮೇಲೆ ಹಳದಿ ಗೆರೆಗಳು ಬಂದು, ಆಮೇಲೆ ಬೂದು ನಡುವಿನ ಕಂದು ಚುಕ್ಕೆಯಾದರೆ ಅದು ಎಲೆಚುಕ್ಕೆ ರೋಗ. ಚುಕ್ಕೆ ಹಿಡಿದ ಭಾಗ ಕೊಯ್ದು ಸುಡಿ, ಗುಂಪು ತೆಳುಮಾಡಿ ಗಾಳಿಯಾಡಿಸಿ. ಊಟಕ್ಕೆ ಕೊಯ್ಯುವ ಎಲೆಗೆ ಔಷಧ ಹೊಡೆಯುವುದು ಬೇಡವೇ ಬೇಡ. ಎಲೆಗಳು ಕಿರಿದಾಗಿ, ಅಂಚು ಹಳದಿಯಾಗಿ, ತುದಿಯಲ್ಲಿ ಗೊಂಚಲಿನಂತೆ ಒತ್ತಾಗಿ ನಿಂತರೆ ಅದು ಹೇನು ಹರಡುವ ನಂಜು. ಗಿಡ ಕಿತ್ತು ನಾಶಮಾಡುವುದೊಂದೇ ದಾರಿ. ಗಿಡ ಹಳದಿಯಾಗಿ ಸಣ್ಣ ಗಾಳಿಗೇ ಉರುಳಿದರೆ ಗೆಡ್ಡೆ ಕೊಯ್ದು ನೋಡಿ. ಸುರಂಗ ಕೊರೆದಿದ್ದರೆ ಮೂತಿಹುಳು, ಕೊಳೆತು ನಾತ ಬಂದರೆ ಗೆಡ್ಡೆಕೊಳೆ. ಮೂತಿಹುಳುವಿಗೆ ಗೊನೆ ಕಡಿದ ದಿಂಡನ್ನು ಒಂದೂವರೆ ಅಡಿ ತುಂಡುಮಾಡಿ, ಉದ್ದಕ್ಕೆ ಸೀಳಿ, ಸೀಳಿದ ಮುಖ ನೆಲಕ್ಕೆ ಮಾಡಿ ರಾತ್ರಿ ಇಡಿ. ಬೆಳಿಗ್ಗೆ ಅದರಡಿ ಸೇರಿದ ಕರಿ ಹುಳುಗಳನ್ನು ಆರಿಸಿ ಕೊಲ್ಲಿ.

ಸೊರಗು ರೋಗ ಬಂದ ಜಾಗದಲ್ಲಿ ಮತ್ತೆ ರಸಬಾಳೆ, ಏಲಕ್ಕಿ ಬಾಳೆ ನೆಡಬೇಡಿ. ನುಗ್ಗೆಯೋ ಕರಿಬೇವೋ ಹಾಕಿಕೊಳ್ಳಿ. ಗದ್ದೆಯ ಜಾಗವಾದರೆ ಒಂದೆರಡು ವರ್ಷ ನೀರು ನಿಲ್ಲಿಸಿ ಭತ್ತ ಬೆಳೆದರೆ ರೋಗದ ಬಲ ಕುಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಾಳೆಯೇ ಬೇಕೆಂದರೆ ಹಿತ್ತಲ ಇನ್ನೊಂದು ಮೂಲೆಯಲ್ಲಿ, ನೀರಿನ ಮೇಲ್ಗಡೆಗೆ, ಅಂಗಾಂಶ ಕೃಷಿಯಿಂದ ಬೆಳೆಸಿದ ಶುದ್ಧ ಸಸಿ ತಂದು ನೆಡಿ. ಯಾವ ರೋಗವೆಂದು ಗೊತ್ತಾಗದಿದ್ದರೆ ಸೀಳಿದ ಪಟ್ಟೆಯ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತೋಟಗಾರಿಕೆ ಇಲಾಖೆಯ ಕಚೇರಿಗೋ, ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಂಡೊಯ್ದು ತೋರಿಸಿ. ಇಡೀ ಗಿಡವನ್ನು ಗಾಡಿಗೆ ಹಾಕಿಕೊಂಡು ಹೋಗಬೇಡಿ, ದಾರಿಯುದ್ದಕ್ಕೂ ಮಣ್ಣು ಉದುರುತ್ತದೆ.