ಪಾಠ ಬಲ್ಲವನು ಫುಟ್‌ಬೋರ್ಡಿನಲ್ಲಿ

'ಬಸ್ಸು ಫಕ್ಕನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುವುದೇಕೆ?' ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಥಟ್ಟನೆ ಎದ್ದು, 'ಜಡತ್ವದಿಂದ ಸಾರ್' ಎಂದ. ಪೂರ್ತಿ ಅಂಕದ ಉತ್ತರ! ಅದೇ ಸಂಜೆ ಆತ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದೇ ಕೈಯಲ್ಲಿ ಕಂಬಿ ಹಿಡಿದು ಜೋತಾಡುತ್ತಿದ್ದ. ಒಳಗೆ ಜಾಗವಿತ್ತು. ಇಳಿಯಬೇಕಿದ್ದ ಅಜ್ಜಿಗೆ ಮಾತ್ರ ದಾರಿಯಿರಲಿಲ್ಲ.

ಲೆಕ್ಕ ಸರಳ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಸುಮಾರು 5 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗವೂ ಇಷ್ಟೇ. ತಿರುವಿನಲ್ಲಿ ಬಸ್ಸು ತಿರುಗುತ್ತದೆ. ದೇಹ, ಬೆನ್ನಿನ ಚೀಲ ಎರಡೂ ನೇರ ಸಾಗಲು ನೋಡುತ್ತವೆ. ತಡೆಯಬೇಕಾದದ್ದು ಬೆವರಿದ ಒಂದು ಅಂಗೈ!

ಫುಟ್‌ಬೋರ್ಡ್ ಪ್ರಯಾಣವನ್ನು 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಂ ನಿಷೇಧಿಸಿದೆ. ಆದರೂ 'ಒಳಗೆ ಬನ್ನಿ' ಎಂದ ಕಂಡಕ್ಟರನ್ನೇ ನೋಡಿ ನಗುವವರುಂಟು.

ಮರುದಿನ ನಾನು ಬೈಯಲಿಲ್ಲ. ಕರಿಹಲಗೆಯ ಮೇಲೆ ಈ ಲೆಕ್ಕವನ್ನು ಅವನಿಂದಲೇ ಮಾಡಿಸಿದೆ. ಉತ್ತರ ಬರೆದವನು ಸುಮ್ಮನೆ ನಿಂತ. 'ಬಸ್ಸು ತುಂಬಿದ್ದರೆ ಲೇಟಾಗುತ್ತೆ ಸಾರ್' ಎಂದ ಕೊನೆಗೆ.

ನಿಜವೇ. ಅಂದೇ ಇಡೀ ತರಗತಿಗೆ ಹೇಳಿದೆ: ಮುಂದಿನ ಬಸ್ಸಿಗೆ ಕಾಯಿರಿ, ತಡವಾಗಿ ಬಂದರೂ ನನ್ನ ಪಾಠಕ್ಕೆ ಹಾಜರಿ ಉಂಟು. ಪೋಷಕರೇ, ಬೆಳಿಗ್ಗೆ ಹತ್ತು ನಿಮಿಷ ಮೊದಲೇ ಮಕ್ಕಳನ್ನು ಹೊರಡಿಸುವ ಕೆಲಸ ನಿಮ್ಮದು.