ರಜೆಯ ಪಟ್ಟಿ ಮತ್ತು ಹಬ್ಬದ ಆಜ್ಞೆ

ಪ್ರತಿ ವರ್ಷ ಕರ್ನಾಟಕ ಸರ್ಕಾರವು ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಅದು ಕೈಗೆ ಬಂದಾಗ ‘ನಮಗೆಷ್ಟು ದಿನ, ಅವರಿಗೆಷ್ಟು ದಿನ’ ಎಂಬ ಲೆಕ್ಕ ಎಲ್ಲ ಸಮುದಾಯಗಳಲ್ಲಿಯೂ ಏಳುವುದುಂಟು. ನಮ್ಮ ಸಭೆಗಳೂ ಇದಕ್ಕೆ ಹೊರತಲ್ಲ. ಆದರೆ ರಜೆಯೂ ಹಬ್ಬವೂ ಒಂದೇ ಅಲ್ಲ. ರಜೆಯನ್ನು ಕೊಡುವುದು ಸರ್ಕಾರ. ಹಬ್ಬವನ್ನು ನೇಮಿಸುವವನು ದೇವರು, ಆಚರಿಸುವುದು ಆರಾಧಕ ಸಮುದಾಯ. ಇವೆರಡರ ಸಂಬಂಧವನ್ನು ಸಭಾಪಾಲನೆಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸೋಣ.

ಪಟ್ಟಿಯ ಸ್ವರೂಪ

ಈ ಪಟ್ಟಿಯಲ್ಲಿ ನಾಲ್ಕು ಬಗೆಯ ದಿನಗಳಿವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಮತ್ತು ಗಾಂಧಿ ಜಯಂತಿಗಳು ರಾಷ್ಟ್ರದವು. ನವೆಂಬರ್ 1ರ ಕನ್ನಡ ರಾಜ್ಯೋತ್ಸವವು ನಾಡಿನದು. ಬಸವ, ಕನಕದಾಸ, ವಾಲ್ಮೀಕಿ, ಅಂಬೇಡ್ಕರ್ ಮೊದಲಾದವರ ಜಯಂತಿಗಳು ಮೂರನೆಯ ಬಗೆ. ಯುಗಾದಿ, ರಂಜಾನ್, ಬಕ್ರೀದ್, ಶುಭ ಶುಕ್ರವಾರ, ಕ್ರಿಸ್ಮಸ್‌ನಂತಹ ಹಬ್ಬಗಳು ನಾಲ್ಕನೆಯವು. ಜಯಂತಿಗಳನ್ನು ಕೇವಲ ಬಿಡುವಿನ ದಿನಗಳೆಂದು ಎಣಿಸುವುದು ಸರಿಯಲ್ಲ. ಬಹುಕಾಲ ಹೊಸ್ತಿಲಾಚೆ ನಿಲ್ಲಿಸಲ್ಪಟ್ಟ ಜನರ ಹೆಸರು ರಾಜ್ಯದ ಪಂಚಾಂಗದಲ್ಲಿ ಸೇರಿತೆಂಬ ಮನ್ನಣೆ ಅವುಗಳಲ್ಲಿದೆ.

ಅಧಿಸೂಚನೆಯ ಟಿಪ್ಪಣಿಗಳೂ ಗಮನಾರ್ಹ. ಭಾನುವಾರದಂದು ಬರುವ ಹಬ್ಬಗಳನ್ನು ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆದಕಾರಣ ಪುನರುತ್ಥಾನದ ಹಬ್ಬ ಅಲ್ಲಿ ಎಂದಿಗೂ ಕಾಣಿಸದು. ಮುಸಲ್ಮಾನರ ಹಬ್ಬವು ನಿಗದಿಯಾದ ದಿನಾಂಕದಂದು ಬೀಳದಿದ್ದರೆ, ಆ ಧರ್ಮದ ನೌಕರರಿಗೆ ಆಚರಣೆಯ ದಿನವೇ ರಜೆ ಕೊಡಲು ಅವಕಾಶವಿದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ ಮತ್ತು ಹುತ್ತರಿಗೆ ಕೊಡಗು ಜಿಲ್ಲೆಯಲ್ಲಿ ಸ್ಥಳೀಯ ರಜೆಯುಂಟು. ಇವುಗಳಲ್ಲದೆ, ನೌಕರರು ತಮಗೆ ಬೇಕಾದುದನ್ನು ಆರಿಸಿಕೊಳ್ಳುವ ಪರಿಮಿತ ರಜೆಗಳ ಪಟ್ಟಿ ಬೇರೆಯೇ ಇದೆ. ಎಲ್ಲರ ಕಾಲಗಣನೆ ಒಂದೇ ಅಲ್ಲವೆಂಬುದನ್ನು ರಾಜ್ಯವು ಹೀಗೆ ಒಪ್ಪಿಕೊಂಡಿದೆ.

ಆದರೂ ಇದಕ್ಕೆ ಮಿತಿಯುಂಟು. 2019ರಲ್ಲಿ ದಾದ್ರಾ ಮತ್ತು ನಗರ ಹವೇಲಿಯ ಆಡಳಿತವು ಶುಭ ಶುಕ್ರವಾರವನ್ನು ಕಡ್ಡಾಯ ರಜೆಗಳಿಂದ ಕೈಬಿಟ್ಟಾಗ ಬಾಂಬೆ ಹೈಕೋರ್ಟು ಮಧ್ಯೆ ಪ್ರವೇಶಿಸಿ ಅದನ್ನು ಉಳಿಸಿತು. ಅದೇ ನ್ಯಾಯಾಲಯವು 2022ರಲ್ಲಿ, ಆ ಪ್ರದೇಶದ ವಿಮೋಚನಾ ದಿನದ ರಜೆಯ ಪ್ರಶ್ನೆ ಬಂದಾಗ, ಸಾರ್ವಜನಿಕ ರಜೆಯು ಯಾರ ಮೂಲಭೂತ ಹಕ್ಕೂ ಅಲ್ಲವೆಂದಿತು. ಹಬ್ಬದ ದಿನವನ್ನು ಕಸಿದುಕೊಂಡರೆ ದನಿಯೆತ್ತುವುದು ನ್ಯಾಯವೇ. ಆದರೆ ನಮ್ಮ ಹಬ್ಬದ ಆಧಾರವನ್ನು ಪಟ್ಟಿಯಲ್ಲಿ ಹುಡುಕಲಾಗದು.

ಸತ್ಯವೇದದ ಬೆಳಕಿನಲ್ಲಿ

ಆ ಆಧಾರವನ್ನು ಧರ್ಮೋಪದೇಶಕಾಂಡವು ಸ್ಪಷ್ಟವಾಗಿ ತೋರಿಸುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ವಾರಗಳ ಹಬ್ಬವನ್ನೂ ಪರ್ಣಶಾಲೆಗಳ ಹಬ್ಬವನ್ನೂ ಕುರಿತು ಹೇಳುವಾಗ, ಯಾರು ಯಾರು ಸಂತೋಷಪಡಬೇಕೆಂಬ ಪಟ್ಟಿಯನ್ನು ಎರಡು ಸಾರಿ ಕೊಟ್ಟಿದೆ. ಅದರಲ್ಲಿ ಗಂಡು ಮತ್ತು ಹೆಣ್ಣು ಮಕ್ಕಳ ಜೊತೆಗೆ ದಾಸದಾಸಿಯರು, ಲೇವಿಯರು, ಪರದೇಶಿಗಳು, ಅನಾಥರು ಮತ್ತು ವಿಧವೆಯರಿದ್ದಾರೆ. ಸಬ್ಬತ್ತಿಗೆ ವಿಮೋಚನಕಾಂಡವು ಸೃಷ್ಟಿಯನ್ನು ಕಾರಣವಾಗಿ ಹೇಳಿದರೆ, ಧರ್ಮೋಪದೇಶಕಾಂಡವು ಐಗುಪ್ತದ ದಾಸತ್ವವನ್ನು ನೆನಪಿಸುತ್ತದೆ. ಬಿಡುವಿಲ್ಲದೆ ದುಡಿದ ಜನರು ತಮ್ಮ ಮನೆಯ ಆಳಿಗೆ ಬಿಡುವನ್ನು ನಿರಾಕರಿಸಬಾರದು. ಆದುದರಿಂದ ಸತ್ಯವೇದವು ದಿನಗಳ ಪಟ್ಟಿಯೊಂದಿಗೆ ಜನರ ಪಟ್ಟಿಯನ್ನೂ ಇಟ್ಟಿದೆ. ಆ ಜನರನ್ನು ಹೊರಗಿಟ್ಟ ಹಬ್ಬವು ದೇವರಿಗೆ ಭಾರವೆಂಬುದೇ ಯೆಶಾಯ ಮತ್ತು ಆಮೋಸರ ಖಂಡನೆಯ ತಿರುಳು.

321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಭಾನುವಾರದ ವಿಶ್ರಾಂತಿಯನ್ನು ಶಾಸನದಿಂದ ವಿಧಿಸಿದಾಗ ನ್ಯಾಯಾಧೀಶರಿಗೂ ಪಟ್ಟಣವಾಸಿಗಳಿಗೂ ಬಿಡುವು ದೊರೆಯಿತು. ಹೊಲದವರಿಗೆ ಕೆಲಸ ಮುಂದುವರಿಸಲು ಅನುಮತಿ ನೀಡಲಾಯಿತು. ರಾಜ್ಯವು ಕೊಡುವ ಬಿಡುವು ಎಲ್ಲರನ್ನೂ ಒಂದೇ ಸಮನಾಗಿ ಮುಟ್ಟುವುದಿಲ್ಲ. ಇದು ಇಂದಿಗೂ ನಿಜ. ಕರ್ನಾಟಕದಲ್ಲಿ 1963ರ ಕಾಯ್ದೆಯೊಂದು ಕೈಗಾರಿಕಾ ಸಂಸ್ಥೆಗಳ ಕಾರ್ಮಿಕರಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳನ್ನು ಸಂಬಳ ಸಹಿತವಾಗಿ ಖಚಿತಪಡಿಸಿದೆ. ಆದರೆ ಮನೆಗೆಲಸದವರನ್ನೂ ದಿನಗೂಲಿಯವರನ್ನೂ ಕೇಳುವವರಿಲ್ಲ. ದಿನಗೂಲಿಯವರಿಗೆ ರಜೆಯೆಂದರೆ ಆ ದಿನದ ಕೂಲಿಯೂ ಇಲ್ಲ. ಊರೆಲ್ಲ ಹಬ್ಬ ಮಾಡಿದ ಮರುದಿನ ಪೌರಕಾರ್ಮಿಕರ ಹೊರೆ ಹೆಚ್ಚುತ್ತದೆ.

ಸಭೆಯ ಹೊಣೆ

ಮೊದಲನೆಯದಾಗಿ, ನಮ್ಮ ಮನೆ ಮತ್ತು ಸಂಸ್ಥೆಗಳನ್ನೇ ನೋಡಿಕೊಳ್ಳಬೇಕು. ಕ್ರಿಸ್ಮಸ್ ದಿನದಂದು ದೇವಾಲಯದ ಅಂಗಳ ಗುಡಿಸುವವರು, ವಿದ್ಯಾರ್ಥಿನಿಲಯದ ಅಡುಗೆಯವರು, ಕಾವಲುಗಾರರು ಬಿಡುವನ್ನು ಪಡೆಯುವರೇ? ನಮ್ಮ ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಹಿಂದೂ, ಮುಸ್ಲಿಂ ಸಹೋದ್ಯೋಗಿಗಳು ತಮ್ಮ ಹಬ್ಬಕ್ಕೆ ರಜೆ ಕೇಳಲು ಅಳುಕಬೇಕಾಗಿದೆಯೇ? ಶುಭ ಶುಕ್ರವಾರದ ಬಗ್ಗೆ ನಾವು ರಾಜ್ಯದಿಂದ ನಿರೀಕ್ಷಿಸುವುದನ್ನು ಅವರು ನಮ್ಮಿಂದ ನಿರೀಕ್ಷಿಸಿದರೆ ತಪ್ಪೇನು?

ಎರಡನೆಯದಾಗಿ, ಭಾನುವಾರ ದುಡಿಯುವ ದಾದಿಯರು, ಚಾಲಕರು, ಅಂಗಡಿ ನೌಕರರು ನಮ್ಮ ಸಭೆಗಳಲ್ಲಿಯೇ ಇದ್ದಾರೆ. ಅವರು ಬರಲಿಲ್ಲವೆಂದು ಆಕ್ಷೇಪಿಸುವ ಬದಲು, ಪುನರುತ್ಥಾನದ ಹಬ್ಬದಂದು ಸಂಜೆಯ ಆರಾಧನೆಯನ್ನೂ ಏರ್ಪಡಿಸಬಹುದು. ಸಬ್ಬತ್ತು ಮನುಷ್ಯನಿಗಾಗಿ ಎಂಬ ಕರ್ತನ ಬೋಧನೆಯು ಇಲ್ಲಿ ಆಚರಣೆಗೆ ಬರಬೇಕು.

ಮೂರನೆಯದಾಗಿ, ನೆರೆಯವರ ಹಬ್ಬ. ಒಬ್ಬನು ಒಂದು ದಿನವನ್ನು ವಿಶೇಷವೆಂದೆಣಿಸಿದರೆ ಮತ್ತೊಬ್ಬನು ಎಲ್ಲ ದಿನಗಳನ್ನೂ ಸಮನಾಗಿ ಕಾಣುವ ಸ್ಥಿತಿಯನ್ನು ಪೌಲನು ರೋಮಾಪುರದ ಸಭೆಯಲ್ಲಿ ಕಂಡನು. ಪರಸ್ಪರ ತೀರ್ಪು ಮಾಡಬಾರದೆಂದನು. ಆ ಮಾತು ವಿಶ್ವಾಸಿಗಳ ನಡುವಿನದು. ಆದರೂ ಅದರ ಸಂಯಮವನ್ನು ಬೀದಿಯಾಚೆಗೂ ವಿಸ್ತರಿಸಬಹುದು. ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಯ್ಯುತ್ತಾರೆ. ಹುತ್ತರಿಯಂದು ಕೊಡವರು ಹೊಸ ಕದಿರನ್ನು ಮನೆ ತುಂಬಿಸಿಕೊಳ್ಳುತ್ತಾರೆ. ಆರಾಧನೆ ಬೇರೆಯಾದರೂ ಅನ್ನದ ಮುಂದಿನ ಕೃತಜ್ಞತೆಯನ್ನು ಇಬ್ಬರೂ ಬಲ್ಲರು. ಯಾವುದರಲ್ಲಿ ಪಾಲ್ಗೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮನಸ್ಸಾಕ್ಷಿ ನಿರ್ಧರಿಸಲಿ. ನೆರೆಯವರ ಸಂತೋಷವನ್ನು ಹಗುರವಾಗಿ ಕಾಣುವ ಸ್ವಾತಂತ್ರ್ಯವಂತೂ ನಮಗಿಲ್ಲ.

ಮುಂದಿನ ಪಟ್ಟಿ ಪ್ರಕಟವಾದಾಗ ಸಭಾ ಸಮಿತಿಗಳು ಅದನ್ನು ಧರ್ಮೋಪದೇಶಕಾಂಡದ ಆ ಪಟ್ಟಿಯ ಜೊತೆಗಿಟ್ಟು ಓದಲಿ. ನಮಗೆಷ್ಟು ದಿನ ದೊರೆತವು ಎಂಬುದಕ್ಕಿಂತ, ನಮ್ಮ ಬಾಗಿಲಲ್ಲಿ ದುಡಿಯುವವರಿಗೆ ಎಷ್ಟು ದಿನ ದೊರೆತವು ಎಂಬುದನ್ನು ಮೊದಲು ಎಣಿಸಲಿ.